ಹತ್ಯಾರಕ್ಕೆ ಎಂಜಲಿಲ್ಲ

ಮೈಯೊಳಗಿನ ಒಂದು ಜೀವಕೋಶವನ್ನು ಹಿಡಿದು ಕೂರಿಸಿ, 'ನಿನಗೆ ಈ ಕೆಟ್ಟ ಬುದ್ಧಿ ಕಲಿಸಿದವರು ಯಾರಪ್ಪಾ?' ಎಂದು ಕೇಳಲು ಬರುವಂತಿದ್ದರೆ? ಹಾಗೆ ಕೇಳುವ ಯಂತ್ರವೊಂದು ಹುಬ್ಬಳ್ಳಿಗೆ ಬಂದಿದೆ ಎಂಬ ಸುದ್ದಿಯನ್ನು ನರಗುಂದದ ಮೌನೇಶ ಪತ್ತಾರನಿಗೆ ತಿಳಿಸಿದವಳು ಅವನ ಹೆಂಡತಿ ಸುಲೋಚನಾ. ಆಕೆ ಮೊಬೈಲು ಹಿಡಿದು ಓದಿ ಹೇಳಿದಾಗ ಮೌನೇಶ ನಕ್ಕುಬಿಟ್ಟ. ಹನ್ನೊಂದು ವರ್ಷಗಳಲ್ಲಿ ಅವನ ಮೈಮೇಲಿನ ರೋಗಕ್ಕೆ ಕಾರಣ ಹೇಳದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಯಂತ್ರವೊಂದು ಬಾಕಿ ಇತ್ತು, ಅದೂ ಬಂತಲ್ಲ ಎಂದ.

ಬದನೆಕಾಯಿ ನಂಜು ಎಂದಿದ್ದರು. ಧಾರವಾಡದ ಈಚೆಗೆ ಹುಟ್ಟಿದವನಿಗೆ ಎಣ್ಣೆಗಾಯಿ ಬಿಡುವುದೆಂದರೆ ಸಣ್ಣ ಶಿಕ್ಷೆಯಲ್ಲ, ಆದರೂ ಬಿಟ್ಟ. ಸರ್ಪದೋಷ ಎಂದರು, ಅದರ ಶಾಂತಿಯೂ ಆಯಿತು. ಡಾಕ್ಟರುಗಳು ಸೋರಿಯಾಸಿಸ್ ಎಂದು ಹೆಸರು ಕೊಟ್ಟು, ಮುಲಾಮು ಕೊಟ್ಟು, ಮೂಲ ಮಾತ್ರ ಇಂಥದ್ದೇ ಎಂದು ಹೇಳಲಾಗದು ಎಂದು ಕೈಮುಗಿದಿದ್ದರು. ಎರಡೂ ಅಂಗೈ, ಮೊಣಕೈ, ಮೊಣಕಾಲು ಕೆಂಪಗೆ ಬಾತು, ಮೇಲೆ ಬೆಳ್ಳಗಿನ ಹೊಟ್ಟು ಕಟ್ಟಿ ಉದುರುತ್ತಿತ್ತು, ಬಿರುಕಿಗೆ ಉಪ್ಪುಬೆವರು ತಾಕಿದರೆ ಉರಿಯುತ್ತಿತ್ತು. ಅಕ್ಕಸಾಲಿಗನ ಅಂಗಡಿಯಲ್ಲಿ ಉದುರಿದ್ದನ್ನು ಗುಡಿಸಿ ಎತ್ತಿಡುವುದು ವಾಡಿಕೆ. ಮೌನೇಶನ ಅಂಗಡಿಯಲ್ಲಿ ಗುಡಿಸಿದಾಗ ಬಂಗಾರದ ಪುಡಿಗಿಂತ ಅವನ ಚರ್ಮವೇ ಹೆಚ್ಚು ಬರುತ್ತಿತ್ತು.

ಇವೆಲ್ಲ ಸಹಿಸಬಹುದಾದ ಕಾರಣಗಳು. ಸಹಿಸಲಾಗದ ಕಾರಣ ಇನ್ನೊಂದಿತ್ತು. ರೋಗ ಶುರುವಾದ ವರ್ಷವೇ ಅವನು ಊರ ದೇವತೆ ದ್ಯಾಮವ್ವನಿಗೆ ಬಂಗಾರದ ನತ್ತು ಮಾಡಿಕೊಟ್ಟಿದ್ದ. ಕಾಸಿ, ಅರದಿಂದ ಉಜ್ಜಿ, ಮೆರುಗು ಕೊಟ್ಟಾದ ಮೇಲೆ ತೂಕದಲ್ಲಿ ಒಂದು ಗುಂಜಿ ಕಡಿಮೆ ಬಂತು. ಬೆಂಕಿಗೂ ಅರಕ್ಕೂ ಅಷ್ಟು ಸವೆಯುತ್ತದೆ ಎಂದು ಬಲ್ಲ ಹಿರಿಯರು ಒಪ್ಪಿಕೊಂಡು ನತ್ತು ಒಯ್ದಿದ್ದರು. ಎರಡು ತಿಂಗಳ ನಂತರ ಅವನ ಅಂಗೈ ಸುಲಿಯತೊಡಗಿದಾಗ ಯಾರೋ ಒಬ್ಬರು, 'ಗುಂಜಿ ಎಲ್ಲಿ ಹೋತು ಅಂತ ಈಗ ತಿಳೀತಲ್ಲ' ಎಂದರು. ಯಾರೆಂಬುದು ಇವತ್ತಿಗೂ ಗೊತ್ತಿಲ್ಲ. ಮಾತು ಮಾತ್ರ ಊರೆಲ್ಲ ಸುತ್ತಿ, ಮೌನೇಶನ ಹೊಸ್ತಿಲಲ್ಲಿ ಬಂದು ಕುಳಿತಿತು.

ಅಲ್ಲಿಂದ ಅವನಿಗೆ ತಾಳಿಯ ಬಂಗಾರ ಬರುವುದು ನಿಂತಿತು. ಮದುವೆಯ ಮನೆಯವರು ಎಲೆ ಅಡಿಕೆ, ಅರಿಶಿನ ಕುಂಕುಮ ಹಿಡಿದು ಬಂದು, ಪತ್ತಾರನ ಸುತ್ತಿಗೆ, ಇಕ್ಕಳ, ಊದುಗೊಳವೆಯ ಹತ್ಯಾರಕ್ಕೆ ಪೂಜೆ ಮಾಡಿಸಿ, ಕಣ್ಣೆದುರು ಬಂಗಾರ ಕಾಯಿಸಿ ತಾಳಿ ಮಾಡಿಸಿಕೊಂಡು ಹೋಗುವುದು ಆ ಕಡೆಯ ಪದ್ಧತಿ. ಅವರೀಗ ಎರಡು ಓಣಿ ದಾಟಿ ಬೇರೆಯವರ ಹತ್ತಿರ ಹೋಗುತ್ತಿದ್ದರು. ಮೌನೇಶನ ಪಾಲಿಗೆ ಹರಿದ ಸರ, ತುಂಡಾದ ಕಾಲ್ಗೆಜ್ಜೆ. ಅದಕ್ಕೂ ಸುಲೋಚನಾ ಮುಂದೆ ಕುಳಿತು ಗಿರಾಕಿಗಳೊಡನೆ ಮಾತಾಡಬೇಕು, ಅವನು ಪರದೆಯ ಹಿಂದೆ ಕುಳಿತು ಕೆಲಸ ಮಾಡಬೇಕು. ರೋಗ ಇರಲಿ, ಕಳ್ಳ ಅನ್ನುವುದೊಂದು ಹೋದರೆ ಸಾಕು ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ.

ಹೀಗಾಗಿ ನಕ್ಕರೂ, ಮರುವಾರ ಹುಬ್ಬಳ್ಳಿಯ ಬಸ್ಸು ಹತ್ತಿದ.

ಸಂಶೋಧನಾ ಕೇಂದ್ರದ ಡಾಕ್ಟರ್ ನಫೀಸಾ ಕಿತ್ತೂರ ಸಣಕಲು ಮೈಯ, ದೊಡ್ಡ ದನಿಯ ಹೆಂಗಸು. ಯಂತ್ರಕ್ಕೆ ಉದ್ದದ್ದೊಂದು ಹೆಸರಿತ್ತು. ಅಲ್ಲಿಯವರೆಲ್ಲ ಅದನ್ನು 'ಜಾಡು' ಎಂದು ಕರೆಯುತ್ತಿದ್ದರು. ಗೋದ್ರೆಜ್ ಕಪಾಟಿನಷ್ಟು ದೊಡ್ಡದು, ಮುಂದೊಂದು ಪರದೆ. ಆಕೆ ಮೌನೇಶನ ಮೊಣಕೈಯಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದುಕೊಂಡಳು, ಗಂಟಲಿಗೆ ಹತ್ತಿಯ ಕಡ್ಡಿ ಆಡಿಸಿದಳು, ಹತ್ತು ದಿನ ಬಿಟ್ಟು ಬರಲು ಹೇಳಿದಳು. ಬಂದಾಗ ಪರದೆಯ ಮುಂದೆ ಕೂರಿಸಿದಳು.

"ನೋಡ್ರಿ ಮೌನೇಶಪ್ಪನವರ, ನಮ್ಮ ರಕ್ತದಾಗ ಕಾವಲಿನವರು ಅದಾರ, ಟಿ-ಕೋಶ ಅಂತಾರ. ಅವರಿಗೆ ಒಂದು ಶತ್ರುವಿನ ಮುಖ ಒಮ್ಮೆ ತೋರಿಸಿದ್ರ ಸಾಯೂತನಕ ಮರೆಯೂದಿಲ್ಲ. ನಿಮ್ಮ ಚರ್ಮದಾಗ ಅಂಥವರು ಗುಂಪುಗಟ್ಟಿ ನಿಂತು ನಿಮ್ಮ ಚರ್ಮಾನ ಹೊಡೀಲಿಕ್ಕೆ ಹತ್ತ್ಯಾರ. ಯಾರನ್ನ ನೋಡಿ ಕಲತ್ರು ಅಂತ ಜಾಡು ಕೇಳತದ. ಇಲ್ಲಿ ಸಾವಿರ ಸಣ್ಣ ಕುಣಿ ಅವ, ಒಂದೊಂದರಾಗ ಒಂದೊಂದು ರೋಗಾಣುವಿನ ತುಣುಕು. ನಿಮ್ಮ ಕಾವಲಿನವರನ್ನ ಎಲ್ಲಾದರ ಮುಂದ ಬಿಟ್ವಿ. ಪರಿಚಯದ ಮುಖ ಕಂಡ ಕೂಡಲೆ ಹೊಳೀತಾರ."

ಪರದೆಯ ತುಂಬ ಕಪ್ಪು ಚುಕ್ಕೆಗಳು. ಒಂದು ಮೂಲೆಯಲ್ಲಿ ಮಾತ್ರ ನಾಲ್ಕೈದು ಹಸಿರಾಗಿ ಹೊಳೆಯುತ್ತಿದ್ದವು.

"ಇದು ಸ್ಟ್ರೆಪ್ಟೋಕಾಕಸ್. ಗಂಟಲ ನೋವು ತರೂ ಬ್ಯಾಕ್ಟೀರಿಯಾ. ಇದರ ಮೈಮ್ಯಾಲಿನ ಎಳಿ, ನಮ್ಮ ಚರ್ಮದಾಗಿನ ಕೆರಾಟಿನ್ ಎಳಿ, ಎರಡೂ ನೋಡಲಿಕ್ಕೆ ಒಂದ ಥರ. ಕಾವಲಿನವರು ಅದನ್ನ ಬಡೀಲಿಕ್ಕೆ ಹೋಗಿ ಇದನ್ನ ಬಡೀತಾರ. ನಿಮ್ಮ ಟಾನ್ಸಿಲಿನ ಸಂದಿಯೊಳಗ ಈ ಹುಳ ಮನಿ ಮಾಡ್ಯದ. ನಿಮಗ ಗಂಟಲ ನೋವೂ ಇಲ್ಲ, ಜ್ವರಾನೂ ಇಲ್ಲ. ಆದ್ರ ದಿನಾ ಕಾವಲಿನವರನ್ನ ಎಬ್ಬಿಸಿ ಕಳಸ್ತದ."

ಮೌನೇಶ ಆ ಹಸಿರು ಚುಕ್ಕೆಗಳ ಹತ್ತಿರಕ್ಕೆ ಬಾಗಿ ನೋಡಿದ. ಆಮೇಲೆ ಕೇಳಿದ, "ಅಂದ್ರ ಇದು ಕಳವಿನ ಪಾಪ ಅಲ್ಲ?"

"ಕಳವು? ಯಾರ ಕಳವು?"

ಅವನು ದ್ಯಾಮವ್ವನ ನತ್ತಿನ ಕಥೆ ಹೇಳಿದ. ಹೇಳಿ, ರೋಗಕ್ಕೆ ಹುಳವೇ ಕಾರಣ ಎಂಬ ಮಾತನ್ನು ಒಂದು ಚೀಟಿಯ ಮೇಲೆ ಬರೆದು ಸಹಿ ಮಾಡಿ ಕೊಡಬೇಕೆಂದು ಬೇಡಿಕೊಂಡ. ನಫೀಸಾ ಪೆನ್ನು ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು.

"ಜಾಡು ದಾರಿ ತೋರಸ್ತದ, ಸಾಬೀತು ಮಾಡೂದಿಲ್ಲ. ಹುಳ ಹೋಗಬೇಕು, ಹೋದ ಮ್ಯಾಲೆ ಚರ್ಮ ವಾಸಿ ಆಗಬೇಕು, ಮೂರು ತಿಂಗಳು ಹಂಗ ನಿಂದರಬೇಕು. ಅವತ್ತು ನಾನ ಬರದು ಕೊಡ್ತೀನಿ. ಸುಳ್ಳ ಚೀಟಿ ನಿಮಗೂ ಬ್ಯಾಡ, ನನಗೂ ಬ್ಯಾಡ."

ಈ ನೇರ ಮಾತು ಮೌನೇಶನಿಗೆ ಹಿಡಿಸಿತು. ತೂಕ ನೋಡದೆ ಬಂಗಾರದ ಬೆಲೆ ಹೇಳುವವರನ್ನು ಅವನೂ ನಂಬುತ್ತಿರಲಿಲ್ಲ.

ಚಿಕಿತ್ಸೆ ಕೂಡ ಹೊಸದೇ. ಟಾನ್ಸಿಲಿನ ಸಂದಿಗಳಲ್ಲಿ ಅಡಗಿದ ರೋಗಾಣುವನ್ನು ಮಾತ್ರೆಗಳು ಪೂರ್ತಿ ತಲುಪುವುದಿಲ್ಲ. ಅದಕ್ಕೆ ಇವರು ಆ ಒಂದೇ ಬ್ಯಾಕ್ಟೀರಿಯಾವನ್ನು ಹುಡುಕಿ ಕೊಲ್ಲುವ ವೈರಸ್ಸನ್ನು ಬೆಳೆಸಿದ್ದರು. ಫೇಜ್ ಎಂದು ಅದರ ಹೆಸರು. ಮನುಷ್ಯನಿಗೆ ಅದರಿಂದ ಏನೂ ಆಗದು. ದಿನಕ್ಕೆ ನಾಲ್ಕು ಸಲದಂತೆ ಎರಡು ವಾರ ಅದರ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಗಂಟಲಿಗೆ ಸಿಂಪಡಿಸಿಕೊಳ್ಳಬೇಕು. ಪ್ರಯೋಗದ ನಿಯಮದಂತೆ ಒಬ್ಬರಿಗೆ ಮೂರು ಸರತಿ ಮಾತ್ರ. ಮೂರರಲ್ಲೂ ಆಗದಿದ್ದರೆ ಹೆಸರು ತೆಗೆದುಹಾಕುತ್ತಾರೆ.

ಮೊದಲ ಸರತಿ ಮುಗಿದ ಇಪ್ಪತ್ತು ದಿನಕ್ಕೆ ಹೊಟ್ಟು ಉದುರುವುದು ನಿಂತಿತು. ಅಂಗೈ ಎಳೆಯ ಕೂಸಿನದರಂತೆ ತಿಳಿಗೆಂಪಾಗಿ ಕಾಣಿಸಿತು. ಸುಲೋಚನಾ ಎಣ್ಣೆಗಾಯಿ ಮಾಡಿದಳು. ಅವನು ನಾಲ್ಕು ರೊಟ್ಟಿ ಹೆಚ್ಚಿಗೆ ತಿಂದ. ಆದರೆ ಐದನೆಯ ವಾರ ಹಾಸಿಗೆ ಝಾಡಿಸುವಾಗ ಮತ್ತೆ ಬಿಳಿ ಪುಡಿ ಹಾರಿತು. ಆಕೆ ಅದನ್ನು ಕಂಡೂ ಕಾಣದವಳಂತೆ ಹಾಸಿಗೆ ಸುತ್ತಿಟ್ಟಳು. ಎರಡನೆಯ ಸರತಿಯೂ ಅದೇ ಕಥೆ. ವಾಸಿಯಾಗುವುದು, ಐದನೆಯ ವಾರ ಮರಳುವುದು. ಊರಿನ ಬಾಯಿಗೆ ಹೊಸ ಮೇವು ಸಿಕ್ಕಿತು. 'ದ್ಯಾಮವ್ವ ಮಷೀನಿಗೆ ಬಗ್ಗತಾಳೇನು?' ಎಂದು ಕಿರಾಣಿ ಅಂಗಡಿಯಲ್ಲಿ ಯಾರೋ ಅಂದದ್ದನ್ನು ಸುಲೋಚನಾ ಕಿವಿಯಾರೆ ಕೇಳಿ, ಸಕ್ಕರೆ ಕೊಳ್ಳದೆ ಮನೆಗೆ ಬಂದಳು.

ಅಂಗಡಿಯ ದಿನಚರಿ ಮಾತ್ರ ತಪ್ಪುತ್ತಿರಲಿಲ್ಲ. ಮುಂಜಾನೆ ಎಂಟಕ್ಕೆ ಗುರುನಾಥ ಕಾಕಾ ಬರುವನು. ಮೌನೇಶನ ಅಪ್ಪನ ತಮ್ಮ, ಎಪ್ಪತ್ತೆಂಟು ವಯಸ್ಸು, ಪಕ್ಕದ ಓಣಿಯಲ್ಲಿ ಮಗನ ಮನೆಯಲ್ಲಿ ವಾಸ. ಒಂದು ಕಾಲಕ್ಕೆ ಅವನ ಕೈಯ ಜೋಮಾಲೆ ಸರವೆಂದರೆ ಗದಗಿನಿಂದ ಜನ ಬರುತ್ತಿದ್ದರು. ಕಣ್ಣು ಮಂಜಾದ ಮೇಲೆ ತನ್ನ ಅಂಗಡಿ ಮುಚ್ಚಿ, ಮೌನೇಶನ ಅಂಗಡಿಗೆ ಬಂದು ಕೂರತೊಡಗಿದ. ಈಗ ಅವನಿಗೆ ಉಳಿದ ಕೆಲಸ ಒಂದೇ. ಕೆಂಡದ ಕುಂಪಟೆಗೆ ಕೈಮುಗಿದು, ದೀಪದ ಕುಡಿಗೆ ಊದುಗೊಳವೆ ಹಿಡಿದು ದಿನದ ಮೊದಲ ಉಸಿರು ಊದಿ, ಕೊಳವೆಯನ್ನು ಮೌನೇಶನ ಕೈಗೆ ಕೊಡುವುದು. ಹಿರಿಯರ ಉಸಿರು ಬಿದ್ದ ಬೆಂಕಿ ಕೈಬಿಡದು ಎಂಬ ನಂಬಿಕೆ. ಆಮೇಲೆ ಊಟದ ಹೊತ್ತಿನವರೆಗೆ ಗೋಡೆಗೊರಗಿ ಕುಳಿತು, ಈಗಿನವರ ಗ್ಯಾಸಿನ ಜ್ವಾಲೆಗೆ ಬೈಯುತ್ತಿರುವನು.

ಮೂರನೆಯ ಸರತಿಗೆ ಹುಬ್ಬಳ್ಳಿಗೆ ಹೋದ ದಿನ ನಫೀಸಾಳ ಮುಖ ಗಂಭೀರವಾಗಿತ್ತು. ಆದರೂ ಕಣ್ಣಲ್ಲಿ ಒಂದು ಕುತೂಹಲವಿತ್ತು.

"ಒಂದು ವಿಚಿತ್ರ ಕಂಡದ. ಫೇಜ್ ದಾಳಿಯಿಂದ ಪಾರಾದ ಬ್ಯಾಕ್ಟೀರಿಯಾ ಇರತಾವಲ್ಲ, ಅವು ಹೊಡದವನ ಗುರುತು ತಮ್ಮ ವಂಶವಾಹಿಯೊಳಗ ಬರದು ಇಟ್ಕೋತಾವ, ಮುಂದ ಬಂದ್ರ ಗುರುತು ಹಿಡೀಲಿಕ್ಕೆ. ಈ ಹುಳದಾಗ ಅಂಥಾ ಬರವಣಿಗಿ ಎದ್ದು ಕಾಣಸ್ತದ. ಆದ್ರ ಮರಳಿ ಬಂದ ನಿಮ್ಮ ಹುಳದ ಮ್ಯಾಲೆ ಏನೂ ಬರದಿಲ್ಲ. ಅದು ನಮ್ಮ ಔಷಧಿ ಮುಖಾನ ನೋಡಿಲ್ಲ. ಅಂದ್ರ ಹಳೇ ಹುಳ ಸತ್ತದ. ಅದರ ಖಾಸ ತಮ್ಮ ಹೊರಗಿನಿಂದ ಹೊಸದಾಗಿ ಬಂದಾನ."

"ಹೊರಗಿನಿಂದ ಅಂದ್ರ?"

"ಯಾರದೋ ಗಂಟಲದಿಂದ. ನಿಮ್ಮ ಹೆಂಡತಿದು, ಮಗಳದು ಎರಡೆರಡು ಸಲ ನೋಡೀವಿ, ಇಬ್ಬರದೂ ಸ್ವಚ್ಛ ಅದ. ಬ್ಯಾರೆ ಯಾರ ಲೋಟದಾಗರ ನೀರು ಕುಡೀತೀರಿ? ಚಾ? ಬೀಡಿ? ಒಂದು ತಾಟಿನಾಗ ಊಟ?"

ಮೌನೇಶನಿಗೆ ಅವಮಾನವಾಯಿತು. "ಏನ್ ಕೇಳ್ತೀರಿ ಡಾಕ್ಟರ್ರ? ನಮ್ಮ ಮನ್ಯಾಗ ಹೆತ್ತ ಮಗಳ ಲೋಟಾನೂ ತುಟಿಗೆ ಹಚ್ಚೂದಿಲ್ಲ, ಎತ್ತಿ ಕುಡೀತೀವಿ. ಎಂಜಲ ಅಂದ್ರ ನಮ್ಮವ್ವ ಕೈಮ್ಯಾಲೆ ಬರಿ ಎಳದು ಕಲಿಸ್ಯಾಳ. ಬೇಕಾದ್ರ ದ್ಯಾಮವ್ವನ ಆಣಿ ಮಾಡ್ತೀನಿ."

ನಫೀಸಾ ನಿಟ್ಟುಸಿರು ಬಿಟ್ಟಳು. ಇದು ಕೊನೆಯ ಸರತಿ ಎಂದು ಮತ್ತೊಮ್ಮೆ ನೆನಪಿಸಿದಳು. ಹೊಸ ಮಾದರಿಯನ್ನು ಜಾಡು ಯಂತ್ರಕ್ಕೆ ಹಾಕಲು ಹೋದರೆ ಅದು ಕೆಂಪು ದೀಪ ಹಚ್ಚಿ ಕುಳಿತುಬಿಟ್ಟಿತು. ಮುಚ್ಚಳ ತೆಗೆದು ನೋಡಿದ ಸಿಬ್ಬಂದಿ, ಒಳಗಿನ ಕೂದಲೆಳೆಯಷ್ಟು ಬಂಗಾರದ ತಂತಿ ತನ್ನ ಕೊಂಡಿಯಿಂದ ಬಿಟ್ಟುಕೊಂಡಿದೆ, ಹೊಸದು ಬರಲು ಮೂರು ವಾರ ಬೇಕು ಎಂದರು. ಮೂರು ವಾರ ನಿಂತರೆ ಬೆಳೆಸಿಟ್ಟ ಕೋಶಗಳೆಲ್ಲ ಸಾಯುತ್ತವೆ ಎಂದು ನಫೀಸಾ ತಲೆಗೆ ಕೈಹಚ್ಚಿದಳು.

ಮೌನೇಶ ಎದ್ದುಬಂದು ಕನ್ನಡಕ ಸರಿಮಾಡಿಕೊಂಡು ಇಣುಕಿದ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಅವನ ಕಣ್ಣೆದುರು ಬಂಗಾರದ ಕೆಲಸಕ್ಕಾಗಿ ಪರದಾಡುತ್ತಿದ್ದರು.

"ಇಷ್ಟಕ್ಕ ಮೂರು ವಾರ? ಒಂದು ದೀಪ ಕೊಡ್ರಿ, ಸಾಕು."

ಹುಬ್ಬಳ್ಳಿಗೆ ಬಂದಾಗ ಸರಾಫ ಬಜಾರದಲ್ಲಿ ಒಂದೆರಡು ರಿಪೇರಿ ಕೆಲಸ ಮಾಡಿಕೊಟ್ಟು ಹೋಗುತ್ತಿದ್ದನಾದ್ದರಿಂದ ಹತ್ಯಾರದ ಚೀಲ ಜೊತೆಗೇ ಇತ್ತು. ಕೊಂಡಿಯನ್ನು ಬಿಚ್ಚಿಸಿ ಮೇಜಿನ ಮೇಲೆ ಇರಿಸಿಕೊಂಡ. ಬಿಳಿಗಾರದ ನೀರು ಮುಟ್ಟಿಸಿ, ಸಾಸಿವೆಯ ಕಾಲುಭಾಗದಷ್ಟು ಬೆಸುಗೆ ಇಟ್ಟ. ಸ್ಪಿರಿಟ್ ದೀಪ ಹಚ್ಚಿಸಿ, ಬಾಗಿದ ಹಿತ್ತಾಳೆಯ ಊದುಗೊಳವೆಯನ್ನು ಬಾಯಿಗಿಟ್ಟು, ಕೆನ್ನೆಯುಬ್ಬಿಸಿ ಉರಿಯನ್ನು ಸೂಜಿಯಂತೆ ಚೂಪು ಮಾಡಿ ತಂತಿಗೆ ಹಾಯಿಸಿದ. ಬೆಸುಗೆ ಮಿಂಚಿ ಹರಿಯಿತು. ಎಲ್ಲ ಐದು ನಿಮಿಷದ ಕೆಲಸ. ಕೊಂಡಿ ಕೂರಿಸಿದರು, ಜಾಡು ಹಸಿರು ದೀಪ ಹಚ್ಚಿತು, ಸಿಬ್ಬಂದಿ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ತಟ್ಟದೆ ನಿಂತವಳು ನಫೀಸಾ ಒಬ್ಬಳೇ. ಆಕೆಯ ಕಣ್ಣು ಕೊಳವೆಯ ಮೇಲಿತ್ತು.

"ಭಾಳ ಚಂದ ಅದ ಇದು. ನಿಮ್ಮದ?"

"ನಮ್ಮ ಅಜ್ಜಂದು. ನಾಲ್ಕು ತಲೆಮಾರು ಊದ್ಯಾರ."

"ಈಗ ನೀವೊಬ್ರ ಊದೂದು?"

"ಹೌದು ನಾನ. ಮುಂಜಾನೆ ಮೊದಲ ಉಸಿರು ಅಷ್ಟ ನಮ್ಮ ಕಾಕಾರದು. ಅವರು ಊದಿ ನನ್ನ ಕೈಗೆ ಕೊಡ್ತಾರ."

"ಎಷ್ಟು ವರ್ಷದಿಂದ?"

"ಅವರು ತಮ್ಮ ಅಂಗಡಿ ಮುಚ್ಚಿ ಬಂದಾಗಿನಿಂದ. ಹನ್ನೊಂದು ವರ್ಷ..." ಮೌನೇಶ ಕೈಯಲ್ಲಿದ್ದ ಕೊಳವೆಯನ್ನು ನೋಡಿದ.

"ಈಗ ತಾನ ಹೇಳಿದ್ರಿ, ಯಾರ ಎಂಜಲಾನೂ ಮುಟ್ಟೂದಿಲ್ಲ ಅಂತ," ಎಂದಳು ನಫೀಸಾ ಮೆಲ್ಲಗೆ.

"ಹತ್ಯಾರಕ್ಕ ಎಲ್ಲೀ ಎಂಜಲರೀ? ಅದು ದೇವರು."

ಹೇಳಿದ ಮೇಲೆ ಅವನಿಗೆ ತನ್ನ ಮಾತೇ ಕಿವಿಗೆ ಬಿತ್ತು. ಸುಳ್ಳಾಡಿರಲಿಲ್ಲ ಅವನು. ಅವನ ಅಪ್ಪನಾಗಲಿ ಅಜ್ಜನಾಗಲಿ ಲೋಟ ಹಂಚಿಕೊಂಡವರಲ್ಲ, ಕೊಳವೆ ಹಂಚಿಕೊಳ್ಳದವರೂ ಅಲ್ಲ. ಅದನ್ನು ತೊಳೆಯುವ ಪದ್ಧತಿ ಕೂಡ ಇರಲಿಲ್ಲ, ಒಳಗೆ ನೀರು ನಿಂತರೆ ಉರಿ ನಡುಗುತ್ತದೆ ಎಂದು ಧೋತರದ ಚುಂಗಿನಿಂದ ಒರೆಸಿಡುತ್ತಿದ್ದರು. ನಫೀಸಾ ಹತ್ತಿಯ ಕಡ್ಡಿಯನ್ನು ಕೊಳವೆಯ ಬಾಯಿಯೊಳಗೆ ತಿರುವಿ ತೆಗೆದಳು. ಎರಡು ದಿನದ ನಂತರ ಫೋನು ಬಂತು. ಅಲ್ಲಿದ್ದದ್ದು ಅದೇ ಹುಳ, ಮೈಮೇಲೆ ಬರವಣಿಗೆಯಿಲ್ಲದ್ದು.

ಕಾರಣ ಸಿಕ್ಕಿತೆಂದು ಮೌನೇಶ ಕುಣಿಯಬೇಕಿತ್ತು. ಅವನಿಗೆ ಅನ್ನ ಸೇರಲಿಲ್ಲ. ಕಣ್ಣು ಮಂಜಾದ ಮುದುಕನಿಗೆ ಉಳಿದಿರುವ ಒಂದೇ ಕೆಲಸ ಆ ಉಸಿರು. 'ನಿಮ್ಮ ಆಶೀರ್ವಾದದಿಂದಲೇ ನನ್ನ ಕೈ ಕೊಳೆಯಿತು' ಎಂದು ಯಾವ ಬಾಯಿಂದ ಹೇಳುವುದು?

"ಹೇಳಿಬಿಡ್ರಿ," ಎಂದಳು ಸುಲೋಚನಾ. "ಕೊನೇ ಸರತಿ ಅದ. ಮರ್ಯಾದಿ ಮಾಡಲಿಕ್ಕೆ ಹೋಗಿ ಮತ್ತ ಹನ್ನೊಂದು ವರ್ಷ ಪರದೆ ಹಿಂದ ಕುಂಡ್ರತೀರೇನು?"

"ಹೇಳ್ತೀನಿ, ಹೇಳ್ತೀನಿ," ಎಂದ ಅವನು, ಹೇಳಲಿಲ್ಲ. ಮರುದಿನ ಕಾಕಾ ಬಂದಾಗ ಕೊಳವೆ ಒಡೆದಿದೆ ಎಂದು ಸುಳ್ಳು ಹೇಳಿ, ಗ್ಯಾಸಿನ ಉರಿಯಲ್ಲಿ ಕೆಲಸ ಹಿಡಿದ. ಕಾಕಾ ಗೋಡೆಗೆ ಒರಗಿ ಕುಳಿತವನು ಅಂದು ಗ್ಯಾಸಿಗೆ ಬೈಯಲಿಲ್ಲ, ಬೇಗನೆ ಎದ್ದು ಹೋದ. ಮೌನೇಶ ಅದನ್ನು ಕಂಡು ಮನಸ್ಸಿನಲ್ಲಿ ನೊಂದರೂ, ಎರಡು ವಾರ ಹೇಗೋ ಕಳೆದರೆ ಸಾಕು ಎಂದುಕೊಂಡ.

ಅದರ ಮರುದಿನವೇ ಕಾಕಾ ಎಂಟಕ್ಕೆ ಮೊದಲೇ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಏನೋ ಒಂದು. ಬಿಚ್ಚಿದರೆ ಅವನದೇ ಹಳೆಯ ಊದುಗೊಳವೆ, ಹುಣಸೆಹಣ್ಣು ಹಚ್ಚಿ ಬೆಳಗಿ ಬಂಗಾರದಂತೆ ಮಾಡಿ ತಂದಿದ್ದ.

"ಒಡದರ ಒಡೀಲಿ ಬಿಡೋ ಮೌನ್ಯಾ. ಇದು ನಿನಗ. ನಾ ಸತ್ತ ಮ್ಯಾಲೆ ಕೊಡಬೇಕಂತಿದ್ದೆ, ಈಗ ತಗೋ."

ಕುಂಪಟೆಗೆ ಕೈಮುಗಿದ, ದೀಪಕ್ಕೆ ಕೊಳವೆ ಹಿಡಿದು ಉದ್ದಕ್ಕೆ ಒಂದು ಉಸಿರು ಊದಿದ, ಕೊಳವೆಯನ್ನು ಮೌನೇಶನ ಅಂಗೈಯಲ್ಲಿಟ್ಟ. ಬಾಯಿಯ ತುದಿ ಇನ್ನೂ ಒದ್ದೆಯಿತ್ತು. ಮುದುಕ ಮಂಜುಗಣ್ಣಿನಿಂದ ಅವನನ್ನೇ ನೋಡುತ್ತ, ಊದುವ ಸದ್ದಿಗಾಗಿ ಕಾಯುತ್ತಿದ್ದ. ಮೌನೇಶನ ಕೈ ಮೇಲೆದ್ದಿತು. ಬಾಯಿ ಒಲ್ಲೆನೆಂದಿತು. ಕೈ ಕೆಳಗಿಳಿಸಲೂ ಆಗಲಿಲ್ಲ.

ಪರದೆ ಸರಿಯಿತು. "ಊದಬ್ಯಾಡ್ರೀ!" ಸುಲೋಚನಾ ಎಂದೂ ಕಾಕಾನ ಎದುರು ದನಿಯೇರಿಸಿದವಳಲ್ಲ. "ಕಾಕಾರ, ನಿಮ್ಮ ಕಾಲಿಗೆ ಬೀಳ್ತೀನಿ, ಅವರಿಗೆ ಊದಂತ ಹೇಳಬ್ಯಾಡ್ರಿ."

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಮೌನೇಶ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು, ಕಾವಲಿನವರ ಕಥೆ, ಹುಳದ ಕಥೆ, ಬರವಣಿಗೆಯ ಕಥೆ ಎಲ್ಲವನ್ನೂ ತಲೆತಗ್ಗಿಸಿ ಹೇಳಿದ. ಕಾಕಾ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡ. ಮುಗಿದ ಮೇಲೆ, "ನನ್ನ ಗಂಟಲದಾಗ?" ಎಂದು ಕೇಳಿದ. ಮೌನೇಶ ಹೌದೆಂದ. ಮುದುಕ ಗೋಡೆ ಹಿಡಿದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಎರಡು ದಿನ ಬರಲಿಲ್ಲ. ಮನೆಗೆ ಹೋದರೆ ಮಲಗಿದ್ದಾರೆ ಎಂದರು. ಮೂರನೆಯ ದಿನ ಮಧ್ಯಾಹ್ನ ನಫೀಸಾಳ ಫೋನು ಬಂತು. ಆಕೆಯ ಹಿಂದೆ ಗದ್ದಲವೋ ಗದ್ದಲ.

"ಮೌನೇಶಪ್ಪನವರ, ನಿಮ್ಮ ಕಾಕಾರು ಇಲ್ಲಿ ಬಂದು ಕುಂತಾರ. ಒಬ್ಬರ ಬಸ್ಸಿಗೆ ಬಂದಾರಂತ. ಬಾಗಿಲದಾಗ ಬಾಯಿ ತೆರದುಕೊಂಡ ಒಳಗ ಬಂದ್ರು, 'ನೋಡ್ರಿ ಒಮ್ಮೆ, ಆ ಸೂಳೇಮಗ ಎಲ್ಲಿ ಕುಂತಾನ' ಅಂತ. ನೋಡಿದೆ. ಅಲ್ಲೇ ಅದ. ಅವರಿಗೆ ಅದು ಏನೂ ಮಾಡಿಲ್ಲ, ಸುಮ್ಮನ ಬಾಡಿಗಿ ಇಲ್ಲದ ಇದ್ದದ. ಔಷಧಿ ಶುರು ಮಾಡೀನಿ, ನಿಮ್ಮ ಕೊನೇ ಸರತೀನೂ ಇವರ ಜೋಡೀನ ಶುರು ಮಾಡ್ರಿ. ಉಪ್ಪು ಸಾಲದು ಅಂತ ನಮ್ಮ ಸಿಸ್ಟರ್ ಜೋಡಿ ಜಗಳಾ ತಗದಾರ."

ಮೌನೇಶ ಫೋನು ಹಿಡಿದುಕೊಂಡೇ ನಕ್ಕ, ನಗುತ್ತಲೇ ಸುಲೋಚನಾಳನ್ನು ಕೂಗಿದ.

ಇಬ್ಬರೂ ಎದುರುಬದುರು ಕುಳಿತು ಮುಕ್ಕಳಿಸಿದ ಎರಡು ವಾರಗಳನ್ನು ಸುಲೋಚನಾ ಮರೆಯಲಾರಳು. ಕಾಕಾನಿಗೆ ಅದೊಂದು ಪಂದ್ಯ. ಮೌನೇಶನಿಗಿಂತ ಹೆಚ್ಚು ಹೊತ್ತು ಗಳಗಳ ಮಾಡಬೇಕೆಂದು ಹಟ. ಮೂರನೆಯ ವಾರ ಹೊಟ್ಟು ನಿಂತಿತು. ಐದನೆಯ ವಾರ ಬಂದಾಗ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಸುಲೋಚನಾ ಮುಂಜಾನೆ ಒಬ್ಬಳೇ ಹಾಸಿಗೆ ಝಾಡಿಸಿದಳು, ಬಿಸಿಲಿಗೆ ಹಿಡಿದು ನೋಡಿದಳು, ಮತ್ತೊಮ್ಮೆ ಝಾಡಿಸಿದಳು. ಏನೂ ಹಾರಲಿಲ್ಲ. ಆರು, ಏಳು, ಹತ್ತು ವಾರ ಕಳೆಯಿತು. ಚರ್ಮದೊಳಗಿನ ಕಾವಲಿನವರು ಇನ್ನೂ ಇದ್ದಾರೆ, ಆದರೆ ದಿನಾ ಎಬ್ಬಿಸುವವರಿಲ್ಲದೆ ನಿದ್ದೆ ಹೋಗಿದ್ದಾರೆ ಎಂದಳು ನಫೀಸಾ. ಮೂರು ತಿಂಗಳು ತುಂಬಿದ ದಿನ ಮಾತು ಕೊಟ್ಟಂತೆ ಚೀಟಿ ಬರೆದಳು: ಮೌನೇಶ ಪತ್ತಾರ ಇವರ ಚರ್ಮರೋಗವು ಗಂಟಲಿನ ಬ್ಯಾಕ್ಟೀರಿಯಾದಿಂದ ಬಂದದ್ದು, ಅದು ಹೋದ ಮೇಲೆ ವಾಸಿಯಾಯಿತು, ಬೇರೆ ಕಾರಣವಿಲ್ಲ. ಇದು ಈ ಒಬ್ಬರ ಮಾತು, ಇದೇ ರೋಗದ ಎಲ್ಲರಿಗೂ ಇದೇ ಕಾರಣವೆಂದು ಹೇಳಲು ಇನ್ನೂ ಬಹಳ ಜನರನ್ನು ನೋಡಬೇಕು ಎಂದು ಕೆಳಗೆ ಇನ್ನೊಂದು ಸಾಲು ಸೇರಿಸಿದಳು.

ಆ ಚೀಟಿಯನ್ನು ಮೌನೇಶ ಮಡಿಚಿ ಪೆಟ್ಟಿಗೆಯಲ್ಲಿಡಬೇಕೆಂದಿದ್ದ. ಕಾಕಾ ಕಸಿದುಕೊಂಡು, ಪ್ಲಾಸ್ಟಿಕ್ ಹಾಕಿಸಿ, ಸೀದಾ ದ್ಯಾಮವ್ವನ ಗುಡಿಯ ಕಟ್ಟೆಗೆ ಹೋದ. ಅಲ್ಲಿ ಕುಳಿತ ಹತ್ತಾರು ಜನರ ಎದುರು ಯಾರಿಂದಲೋ ಓದಿಸಿದ. ಆಮೇಲೆ ತಾನೇ ಎದ್ದು ನಿಂತ.

"ಕೇಳಿದ್ರಿಲ್ಲೋ? ಅವನ ಕೈಯಾಗಿಂದು ಕಳವಿನ ಪಾಪ ಅಲ್ಲ, ನನ್ನ ಗಂಟಲದ ಹುಳ! ಯಾರಿಗರ ಅನಮಾನ ಇದ್ರ ಬರ್ರಿ, ಬಾಯಿ ತೆರೀತೀನಿ, ನೋಡಕೋರಿ. ಈಗ ಅಲ್ಲೀನೂ ಇಲ್ಲ!"

ಊರು ನಕ್ಕಿತು. ಹನ್ನೊಂದು ವರ್ಷ ಬೆನ್ನ ಹಿಂದೆ ಮಾತಾಡಿದವರು ಎದುರು ನಕ್ಕರೆ ಅದೇ ದೊಡ್ಡದು. ವಾರದೊಳಗೆ ಕುರ್ಲಗೇರಿಯ ಶಂಕ್ರಪ್ಪ ಮಗಳ ತಾಳಿಯ ಬಂಗಾರ ಹಿಡಿದು, ಎಲೆ ಅಡಿಕೆ ಸಮೇತ ಮೌನೇಶನ ಅಂಗಡಿಗೆ ಬಂದ. ಸುಲೋಚನಾ ಪರದೆಯನ್ನು ಬಿಚ್ಚಿ ಒಗೆಯಲು ಹಾಕಿದ್ದಳು, ಅದು ಮತ್ತೆ ಅಂಗಡಿಗೆ ಬರಲೇ ಇಲ್ಲ. ಪೂಜೆಯಾಯಿತು. ಜೊತೆಗೆ ಬಂದು ಹೊರಗೆ ಕುಳಿತಿದ್ದ ಬೀಗರಿಗೆ ಚಹಾ ತರಿಸಲೆಂದು ಶಂಕ್ರಪ್ಪ ಎದ್ದು ಹೋದ. ಒಳಗೆ ಕಾಕಾ, ಮೌನೇಶ ಇಬ್ಬರೇ ಉಳಿದರು.

"ಮೌನ್ಯಾ," ಎಂದ ಕಾಕಾ ಗೋಡೆಯ ಕಡೆ ನೋಡುತ್ತ. "ಒಂದು ಮಾತು ಅದ. ಹೇಳದಿದ್ರ ನನಗ ಸಾವು ನೆಟ್ಟಗ ಬರೂದಿಲ್ಲ."

"ಏನ್ರಿ ಕಾಕಾ?"

"ನಾನೂ ನಂಬಿದ್ದೆ. ದ್ಯಾಮವ್ವನ ಗುಂಜಿ ನೀನ ತಗೊಂಡಿ ಅಂತ."

ಮೌನೇಶ ಕೈಯ ಇಕ್ಕಳವನ್ನು ಕೆಳಗಿಟ್ಟ. ಊರು ನಂಬಿದ್ದು ಅವನಿಗೆ ಗೊತ್ತಿತ್ತು. ಕಿರಾಣಿ ಅಂಗಡಿ, ಗುಡಿಯ ಕಟ್ಟೆ, ಬಸ್ ನಿಲ್ದಾಣ ಎಲ್ಲ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ಎಷ್ಟು ದಿನ?"

"ಹನ್ನೊಂದು ವರ್ಷ. ನೀ ಆ ಹುಳದ ಮಾತು ಹೇಳೂ ತನಕ."

"ಮತ್ತ ದಿನಾ ಬಂದು ನನ್ನ ಬೆಂಕಿಗೆ ಯಾಕ ಊದತಿದ್ರಿ?"

ಮುದುಕನಿಗೆ ಈ ಪ್ರಶ್ನೆಯೇ ಅರ್ಥವಾಗದಂತೆ ಕಂಡಿತು. "ಮತ್ತೇನ್ ಮಾಡ್ಲಿ? ಊರಾಗ ಯಾರೂ ನಿನ್ನ ಅಂಗಡಿ ಮೆಟ್ಟಲಾ ಹತ್ತತಿರಲಿಲ್ಲ. ಕಳ್ಳ ಆದ್ರೇನು, ನಮ್ಮ ಹುಡುಗ ಅಲ್ಲೇನು ನೀನು?"

ಮೌನೇಶ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ತಡೆಯಲು ಹೋಗಲಿಲ್ಲ, ತಡೆಯಬೇಕೆಂದೂ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಅರಿವಾಯಿತು, ಕಣ್ಣೀರು ಬೆರಳ ಸಂದಿಗಳಲ್ಲಿ ಹರಿದು ಅಂಗೈಯೆಲ್ಲ ತೊಯ್ದಿತ್ತು, ಎಲ್ಲೂ ಉರಿಯುತ್ತಿರಲಿಲ್ಲ.